ಸಣ್ಣ ಊರಿನಲ್ಲಿ ಕೈಗೆಟುಕುವ ಮನೆಗಳು: ಜಮೀನಿನ ಪ್ರಶ್ನೆಯಿಂದ ಆರಂಭಿಸಿ

ಸಣ್ಣ ಊರಿನಲ್ಲಿ ಮನೆಗಳ ಕೊರತೆ ಇದೆ ಎಂಬುದು ಮೊದಲು ಗೊತ್ತಾಗುವುದು ಆಸ್ಪತ್ರೆ, ಶಾಲೆ, ಬಸ್ ಡಿಪೊಗಳಲ್ಲಿ. ಹೊಸದಾಗಿ ನೇಮಕವಾದ ನರ್ಸ್ ಕೆಲವೇ ತಿಂಗಳಲ್ಲಿ ವರ್ಗಾವಣೆ ಕೇಳುತ್ತಾರೆ. ಬೀದಿ ಗುಡಿಸುವವರು ಬೆಳಗಿನ ಜಾವದ ಮೊದಲ ಬಸ್ಸಿನಲ್ಲಿ ದೂರದಿಂದ ಬರುತ್ತಾರೆ. ಮದುವೆಯಾದ ಮಕ್ಕಳು ತಂದೆತಾಯಿಯ ಎರಡು ಕೋಣೆಯ ಮನೆಯಲ್ಲೇ ಉಳಿಯುತ್ತಾರೆ. ಅದೇ ಹೊತ್ತಿಗೆ ಊರಿನ ಹೊರವಲಯದಲ್ಲಿ ಹೊಸ ಬಡಾವಣೆಗಳು ಏಳುತ್ತಲೇ ಇರುತ್ತವೆ; ಅವುಗಳಲ್ಲಿ ಅರ್ಧ ಮನೆಗಳ ಕಿಟಕಿ ವರ್ಷವಿಡೀ ತೆರೆಯುವುದಿಲ್ಲ.

ಇಂಥ ಊರಿನಲ್ಲಿ ಏನಾದರೂ ಮಾಡಬೇಕೆಂದು ಹೊರಟ ಪುರಸಭೆ ಸದಸ್ಯರಿಗೆ, ಸಹಕಾರ ಸಂಘದವರಿಗೆ, ಅಥವಾ ಯಾವ ಅಧಿಕಾರವೂ ಇಲ್ಲದ ನಾಲ್ಕೈದು ನಿವಾಸಿಗಳಿಗೆ ಈ ಬರಹ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಬೆಲೆಯ ಮನೆ ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಆ ಮನೆಯ ಬೆಲೆ ಹತ್ತು ವರ್ಷಗಳ ನಂತರವೂ ಕಡಿಮೆಯಾಗಿಯೇ ಉಳಿಯುವಂತೆ ನೋಡಿಕೊಳ್ಳುವುದೇ ಕಷ್ಟ. ಮೊದಲ ಸಲ ಪಡೆದವರಿಗೆ ಮಾತ್ರ ಅಗ್ಗವಾಗಿ ಸಿಕ್ಕ ಮನೆ ಅವರ ಪಾಲಿನ ಲಾಟರಿ. ಅದರಿಂದ ಊರಿನ ಕೊರತೆ ನೀಗುವುದಿಲ್ಲ.

ಹೆಜ್ಜೆ 1: ಎಣಿಸಿ

‘ನಮ್ಮಲ್ಲಿ ಮನೆಗಳು ಸಾಲುತ್ತಿಲ್ಲ’ ಎಂಬ ಮಾತನ್ನು ಹಿಡಿದು ಯಾವ ಕಚೇರಿಗೆ ಹೋದರೂ ಚಹಾ ಸಿಗಬಹುದು, ಹಣ ಸಿಗುವುದಿಲ್ಲ. ಯಾರಿಗೆ, ಎಷ್ಟು ಕೋಣೆಯ, ಎಷ್ಟು ಬಾಡಿಗೆಯ ಮನೆ ಬೇಕು ಎಂಬ ಪಟ್ಟಿ ಬೇಕು. ಸಣ್ಣ ಊರಿಗೆ ಇದೊಂದು ಅನುಕೂಲ: ಮಹಾನಗರದಲ್ಲಿ ಅಂದಾಜು ಮಾಡಬೇಕಾದುದನ್ನು ಇಲ್ಲಿ ಮನೆಮನೆಗೆ ಹೋಗಿ ಎಣಿಸಬಹುದು.

ನಾಲ್ಕು ಗುಂಪುಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ. ಒಂದೇ ಸೂರಿನಡಿ ಇಕ್ಕಟ್ಟಾಗಿ ಇರುವವರು ಮೊದಲ ಗುಂಪು. ವಾಸದ ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಜನರಿದ್ದರೆ ಅದನ್ನು ಇಕ್ಕಟ್ಟು ಎಂದು ವಿಶ್ವಸಂಸ್ಥೆಯ ವಸತಿ ವಿಭಾಗ ಪರಿಗಣಿಸುತ್ತದೆ. ಊರಿನಲ್ಲಿ ಕೆಲಸ ಮಾಡಿ ಬೇರೆಡೆ ವಾಸಿಸುವವರು ಎರಡನೆಯವರು; ಈ ಅಂಕಿ ಮಾಲೀಕರ ಹಾಜರಿ ಪುಸ್ತಕದಲ್ಲೇ ಇರುತ್ತದೆ, ಕೇಳಬೇಕಷ್ಟೆ. ಬಾಡಿಗೆ ಕಟ್ಟಲು ಪ್ರತಿ ತಿಂಗಳು ಸಾಲ ಮಾಡುವವರು ಮೂರನೆಯವರು. ನಾಲ್ಕನೆಯ ಗುಂಪನ್ನು ಎಲ್ಲರೂ ಮರೆಯುತ್ತಾರೆ: ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ವೃದ್ಧರು. ಅವರಲ್ಲಿ ಹಲವರಿಗೆ ಮೆಟ್ಟಿಲಿಲ್ಲದ ಪುಟ್ಟ ಮನೆ ಪೇಟೆಯ ಹತ್ತಿರ ಸಿಕ್ಕರೆ ಸಾಕು. ಅಂಥ ಒಂದು ಮನೆ ಕಟ್ಟಿದರೆ ಒಂದು ದೊಡ್ಡ ಮನೆ ಕುಟುಂಬವೊಂದಕ್ಕೆ ತೆರವಾಗುತ್ತದೆ.

ಪಟ್ಟಿಯಲ್ಲಿ ಹೆಸರುಗಳು ಬೇಡ. ಆದಾಯದ ಹಂತ, ಕುಟುಂಬದ ಗಾತ್ರ, ಈಗಿನ ಬಾಡಿಗೆ, ಕೆಲಸದ ಸ್ಥಳ ಇಷ್ಟಿದ್ದರೆ ಸಾಕು. ಹೆಸರು ಕೇಳಿದ ಕ್ಷಣ ಜನ ಸುಳ್ಳು ಹೇಳಲು ಆರಂಭಿಸುತ್ತಾರೆ, ಅದು ಅವರ ತಪ್ಪೂ ಅಲ್ಲ.

ಹೆಜ್ಜೆ 2: ‘ಕೈಗೆಟುಕುವ’ ಎಂದರೆ ಎಷ್ಟು ಎಂದು ನಿರ್ಧರಿಸಿ

ಆದಾಯದ ಶೇಕಡಾ 30ಕ್ಕಿಂತ ಹೆಚ್ಚು ಮನೆಗೆ ಹೋಗಬಾರದು ಎಂಬ ಸೂತ್ರವನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಇದರ ಹಿಂದೆ ದೊಡ್ಡ ವಿಜ್ಞಾನವೇನಿಲ್ಲ. ಅಮೆರಿಕದಲ್ಲಿ 1969ರ ಕಾನೂನು ಸಾರ್ವಜನಿಕ ವಸತಿಗಳ ಬಾಡಿಗೆಯನ್ನು ಆದಾಯದ ಶೇಕಡಾ 25ಕ್ಕೆ ಮಿತಿಗೊಳಿಸಿತು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಅಲ್ಲಿಂದ ಆ ಅಂಕಿ ಎಲ್ಲೆಡೆ ಹರಡಿತು. ಕಡಿಮೆ ಆದಾಯದವರಿಗೆ 30 ಕೂಡ ಹೆಚ್ಚು, ಏಕೆಂದರೆ ಉಳಿದ 70ರಲ್ಲಿ ಅವರ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಬಾಡಿಗೆಗೆ ಪ್ರಯಾಣದ ಖರ್ಚನ್ನೂ ಸೇರಿಸಿ ನೋಡಿ. ಊರಿನಿಂದ ಬಹುದೂರ, ಬಸ್ಸೇ ಬಾರದ ಬಯಲಿನಲ್ಲಿ ಕಟ್ಟಿದ ಅಗ್ಗದ ಮನೆ ಕಾಗದದ ಮೇಲೆ ಮಾತ್ರ ಅಗ್ಗ.

ಹೆಜ್ಜೆ 3: ಈಗಾಗಲೇ ನಿಂತಿರುವ ಗೋಡೆಗಳನ್ನು ನೋಡಿ

ಹೊಸ ಮನೆಯ ಮಾತು ಎತ್ತುವ ಮುನ್ನ ಬೀಗ ಹಾಕಿದ ಮನೆಗಳ ಪಟ್ಟಿ ಮಾಡಿ. ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಹಳೆಯ ಸಾಮಾನು ತುಂಬಿರುತ್ತದೆ. ಉತ್ತರಾಧಿಕಾರದ ವ್ಯಾಜ್ಯದಲ್ಲಿ ಸಿಕ್ಕ ಮನೆಗಳಿರುತ್ತವೆ, ಸೂರು ಸೋರುತ್ತಿರುವುದರಿಂದ ಬಾಡಿಗೆಗೆ ಕೊಡಲಾಗದ ಮನೆಗಳೂ ಇರುತ್ತವೆ. ಮಾಲೀಕರ ಬಳಿ ಕುಳಿತು ಕೇಳಿ. ಬಹುತೇಕರ ಅಡ್ಡಿ ಹಣಕ್ಕಿಂತ ಭಯ: ಬಾಡಿಗೆಗೆ ಬಂದವರು ಬಿಡದಿದ್ದರೆ? ಹಾಳುಮಾಡಿದರೆ? ಪುರಸಭೆಯೋ ಸಹಕಾರ ಸಂಘವೋ ನಡುವೆ ನಿಂತು, ದುರಸ್ತಿಗೆ ಮುಂಗಡ ಕೊಟ್ಟು, ಕೆಲವು ವರ್ಷಗಳ ಮಟ್ಟಿಗೆ ಮನೆಯನ್ನು ತಾನೇ ಗುತ್ತಿಗೆಗೆ ಪಡೆದು ಉಪಬಾಡಿಗೆಗೆ ಕೊಟ್ಟರೆ ಈ ಭಯ ಹೋಗುತ್ತದೆ. ಹೊಸ ಮನೆಗೆ ತಗಲುವ ಹಣ ಮತ್ತು ಸಮಯದ ಚಿಕ್ಕ ಪಾಲಿನಲ್ಲಿ ಒಂದು ಮನೆ ಸಿಗುತ್ತದೆ.

ತೆರಿಗೆಯ ದಾರಿಯೂ ಇದೆ. ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆಗಳ ಮೇಲೆ ಪ್ರತ್ಯೇಕ ತೆರಿಗೆ ವಿಧಿಸುತ್ತಿದೆ. ಆದರೆ ಸಣ್ಣ ಊರಿನಲ್ಲಿ ದಂಡದಿಂದ ಆರಂಭಿಸುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲರೂ ಎಲ್ಲರಿಗೂ ಪರಿಚಯವಿರುವ ಕಡೆ ಮೊದಲು ಮಾತು, ಆಮೇಲೆ ನೋಟಿಸು.

ಪ್ರವಾಸಿಗರು ಬರುವ ಊರಾದರೆ ರಜೆಯ ಮನೆಗಳು ಬೇರೆಯೇ ತಲೆನೋವು. ಇಂಗ್ಲೆಂಡಿನ ಕಡಲತೀರದ ಸೇಂಟ್ ಐವ್ಸ್ ಪಟ್ಟಣದ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳೆಲ್ಲ ಖಾಯಂ ವಾಸಕ್ಕೇ ಇರಬೇಕು ಎಂಬ ನಿಯಮ ತಂದರು. ಉದ್ದೇಶ ಒಳ್ಳೆಯದೇ. ಆದರೆ ಆ ನಿಯಮ ಹಳೆಯ ಮನೆಗಳಿಗೆ ಅನ್ವಯಿಸುತ್ತಿರಲಿಲ್ಲ. ರಜೆಯ ಮನೆ ಬೇಕಾದವರು ಹಳೆಯ ಮನೆಗಳತ್ತ ತಿರುಗಬಹುದು, ಕಟ್ಟುವವರು ಬೇರೆ ಊರು ಹುಡುಕಬಹುದು ಎಂಬ ಎಚ್ಚರಿಕೆಯ ಮಾತುಗಳು ಆಗಲೇ ಕೇಳಿಬಂದವು. ಒಂದು ಬಾಗಿಲು ಮುಚ್ಚುವ ಮುನ್ನ ಪಕ್ಕದ ಬಾಗಿಲು ಎಲ್ಲಿಗೆ ತೆರೆದಿದೆ ಎಂದು ನೋಡಬೇಕು.

ಹೆಜ್ಜೆ 4: ಜಮೀನನ್ನು ಹಿಡಿಯಿರಿ, ಹಿಡಿದದ್ದನ್ನು ಬಿಡಬೇಡಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವ ತಾಳ್ಮೆ ನಿಮಗಿದ್ದರೆ ಇದನ್ನು ಓದಿ.

ಇಟ್ಟಿಗೆ ಗೋಡೆ ಹಳೆಯದಾದಂತೆ ಸವೆಯುತ್ತದೆ, ಅದರ ಬೆಲೆ ಇಳಿಯಬೇಕು. ಆದರೂ ಮನೆಗಳ ಬೆಲೆ ಏರುತ್ತದೆ. ಏರುವುದು ಜಮೀನಿನ ಬೆಲೆ. ರಸ್ತೆ ಬಂತು, ಕಾಲೇಜು ಬಂತು, ನೀರಿನ ಕೊಳವೆ ಬಂತು. ಎಲ್ಲವೂ ಊರಿನ ಹಣದಿಂದ. ಲಾಭ ಮಾತ್ರ ಆ ಜಾಗದ ಮಾಲೀಕರದು. ಪುರಸಭೆ ತನ್ನ ಜಮೀನನ್ನು ಹರಾಜು ಹಾಕಿ ಒಂದು ವರ್ಷದ ಬಜೆಟ್ ತುಂಬಿಸಿಕೊಂಡರೆ, ಆಮೇಲೆ ಅದೇ ಜಾಗವನ್ನು ಶಾಲೆಗೋ ವಸತಿಗೋ ಹಲವು ಪಟ್ಟು ಬೆಲೆಗೆ ಕೊಳ್ಳಬೇಕಾಗುತ್ತದೆ.

ಆದ್ದರಿಂದ ಮೊದಲು ಸಾರ್ವಜನಿಕ ಜಮೀನಿನ ನಕ್ಷೆ ಮಾಡಿ. ಮುಚ್ಚಿದ ಗೋದಾಮು, ಬಳಕೆಯಲ್ಲಿಲ್ಲದ ಸರ್ಕಾರಿ ಕಚೇರಿ, ಬೇಕಾದುದಕ್ಕಿಂತ ವಿಶಾಲವಾದ ವಾಹನ ನಿಲ್ದಾಣ, ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಗಳ ಖಾಲಿ ಜಾಗ, ಎಲ್ಲವನ್ನೂ ಗುರುತಿಸಿ. ನಕ್ಷೆಯ ಮೇಲೆ ನೀರು ಮತ್ತು ಒಳಚರಂಡಿ ಕೊಳವೆಗಳನ್ನೂ ಎಳೆಯಿರಿ. ಕೊಳವೆಗೆ ಹತ್ತಿರವಿರುವ ಸಣ್ಣ ತುಂಡು ಜಾಗ, ದೂರದ ಪುಕ್ಕಟೆ ಹತ್ತು ಎಕರೆಗಿಂತ ಕೊನೆಗೆ ಅಗ್ಗವಾಗುವುದೇ ಹೆಚ್ಚು.

ಸಿಕ್ಕ ಜಮೀನನ್ನು ಮಾರದೆ ಮನೆಯನ್ನು ಮಾತ್ರ ಮಾರುವ ಒಂದು ವ್ಯವಸ್ಥೆ ಇದೆ. ಅದನ್ನು ಸಮುದಾಯ ಭೂ ಟ್ರಸ್ಟ್ ಎನ್ನುತ್ತಾರೆ. ಜಮೀನು ಟ್ರಸ್ಟಿನದು, ಅದರ ಮೇಲಿನ ಮನೆ ಕುಟುಂಬದ್ದು, ನಡುವೆ ಸಾಮಾನ್ಯವಾಗಿ 99 ವರ್ಷಗಳ ನೆಲ ಗುತ್ತಿಗೆ. ಕುಟುಂಬ ಮನೆ ಮಾರಬಹುದು, ಮಕ್ಕಳಿಗೆ ಕೊಡಬಹುದು, ಆದರೆ ಮಾರುವ ಬೆಲೆಗೆ ಒಂದು ಸೂತ್ರವಿರುತ್ತದೆ. ಈ ಕಲ್ಪನೆ ಹುಟ್ಟಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, 1969ರಲ್ಲಿ. ಜಮೀನಿನಿಂದ ಒಕ್ಕಲೆಬ್ಬಿಸಲಾಗುತ್ತಿದ್ದ ಕಪ್ಪು ರೈತರು ‘ನ್ಯೂ ಕಮ್ಯೂನಿಟೀಸ್’ ಎಂಬ ಹೆಸರಿನಲ್ಲಿ 5,000 ಎಕರೆಗೂ ಹೆಚ್ಚು ಭೂಮಿಯನ್ನು ಸಾಮೂಹಿಕವಾಗಿ ಕೊಂಡರು. ಬರ ಮತ್ತು ಸಾಲದ ಹೊರೆಯಿಂದ 1985ರಲ್ಲಿ ಆ ಭೂಮಿ ಅವರ ಕೈತಪ್ಪಿತು. ಜಮೀನನ್ನು ಸಾಲಕ್ಕೆ ಅಡವಿಟ್ಟು ಕೊಂಡರೆ ಏನಾಗಬಹುದು ಎಂಬುದಕ್ಕೂ ಅದೇ ಉದಾಹರಣೆ: ಟ್ರಸ್ಟಿನ ನೆಲ ಆದಷ್ಟು ಋಣಮುಕ್ತವಾಗಿರಬೇಕು.

ಸಣ್ಣ ಊರಿಗೆ ಹೆಚ್ಚು ಹತ್ತಿರದ ಮಾದರಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್. ಸುಮಾರು ನಲವತ್ತು ಸಾವಿರ ಜನರ ಆ ಊರಿನ ಆಡಳಿತ 1984ರಲ್ಲಿ ಎರಡು ಲಕ್ಷ ಡಾಲರ್ ಮೂಲ ಬಂಡವಾಳ ಕೊಟ್ಟು ಭೂ ಟ್ರಸ್ಟ್ ಆರಂಭಿಸಿತು. ಅಲ್ಲಿ ಮನೆ ಮಾರುವವರಿಗೆ ತಾವು ಕಟ್ಟಿದ ಹಣದ ಜೊತೆಗೆ ಏರಿಕೆಯ ಶೇಕಡಾ 25 ಸಿಗುತ್ತದೆ, ಉಳಿದುದು ಮನೆಯಲ್ಲೇ ಉಳಿಯುತ್ತದೆ. ಲೆಕ್ಕ ಸರಳ. 100ಕ್ಕೆ ಕೊಂಡ ಮನೆಯ ಮಾರುಕಟ್ಟೆ ಬೆಲೆ ಕೆಲವು ವರ್ಷಗಳ ನಂತರ 160 ಆಯಿತು ಎನ್ನಿ. ಏರಿಕೆ 60, ಅದರ ಕಾಲು ಭಾಗ 15. ಮಾರುವವರಿಗೆ 115, ಮುಂದಿನ ಕುಟುಂಬಕ್ಕೂ ಮನೆ 115ಕ್ಕೇ. ಹೊಸದಾಗಿ ಸಹಾಯಧನ ಸುರಿಯದೆ ಅದೇ ಮನೆ ಎರಡನೆಯ, ಮೂರನೆಯ ಕುಟುಂಬಕ್ಕೂ ಎಟುಕುತ್ತದೆ.

‘ನಾನು ಕಟ್ಟಿದ ಮನೆಯ ಪೂರ್ತಿ ಲಾಭ ನನಗೇಕಿಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಪೂರ್ತಿ ಬೆಲೆಗೆ ಕೊಳ್ಳಲು ಶಕ್ತಿಯಿದ್ದವರು ಮಾರುಕಟ್ಟೆಯಲ್ಲೇ ಕೊಳ್ಳಲಿ; ಊರಿನ ನೆರವಿನಿಂದ ಕೊಂಡವರು ಮುಂದೆ ಬರುವವರಿಗೂ ಆ ನೆರವು ದಾಟುವಂತೆ ಒಪ್ಪಲಿ. ಈ ಷರತ್ತನ್ನು ಮೊದಲ ದಿನವೇ, ಸರಳ ಭಾಷೆಯಲ್ಲಿ, ಸಹಿಗೆ ಮುನ್ನ ಹೇಳಬೇಕು. ಆಮೇಲೆ ಹೇಳಿದರೆ ಮೋಸವೆನಿಸುತ್ತದೆ.

ಜಮೀನೇ ಇಲ್ಲದ ಊರಿಗೆ ಇನ್ನೊಂದು ಉಪಾಯ: ಷರತ್ತನ್ನು ಕೊಳ್ಳುವುದು. ಕೊಲರಾಡೊದ ವೇಲ್ ಎಂಬ ಪರ್ವತ ಪಟ್ಟಣ 2017ರಿಂದ ಮನೆ ಮಾಲೀಕರಿಗೆ ಹಣ ಕೊಟ್ಟು, ಆ ಮನೆಯಲ್ಲಿ ಸ್ಥಳೀಯವಾಗಿ ದುಡಿಯುವವರೇ ವಾಸಿಸಬೇಕು ಎಂಬ ನಿಬಂಧನೆಯನ್ನು ಆಸ್ತಿಪತ್ರದಲ್ಲೇ ಬರೆಸಿಕೊಳ್ಳುತ್ತಿದೆ. ವಾರಕ್ಕೆ ಕನಿಷ್ಠ 30 ಗಂಟೆ ಅದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಕೆಲಸ ಮಾಡಬೇಕು, ಅಷ್ಟೇ. ಬೆಲೆಗೆ ಮಿತಿ ಇಲ್ಲ. ಒಂದು ಇಟ್ಟಿಗೆಯನ್ನೂ ಇಡದೆ ಮನೆಗಳು ಊರಿನವರಿಗೆ ಉಳಿದವು. ಬೆಲೆಗೆ ಮಿತಿ ಇಲ್ಲದ್ದರಿಂದ ತೀರಾ ಕಡಿಮೆ ಸಂಬಳದವರಿಗೆ ಇದು ನೆರವಾಗುವುದಿಲ್ಲ. ಅವರಿಗೆ ಟ್ರಸ್ಟಿನ ದಾರಿಯೇ ಬೇಕು.

ಹೆಜ್ಜೆ 5: ನಿಯಮಾವಳಿಯನ್ನು ಪೆನ್ಸಿಲ್ ಹಿಡಿದು ಓದಿ

ನಿಮ್ಮ ಊರಿನ ಕಟ್ಟಡ ನಿಯಮಗಳ ಪುಸ್ತಕ ತೆಗೆದು, ಊರಿನ ಅತ್ಯಂತ ಹಳೆಯ, ಜನ ಅತ್ಯಂತ ಇಷ್ಟಪಡುವ ಬೀದಿಯನ್ನು ಇಂದು ಕಟ್ಟಲು ಅನುಮತಿ ಸಿಗುತ್ತದೆಯೇ ಎಂದು ನೋಡಿ. ಬಹಳ ಕಡೆ ಸಿಗುವುದಿಲ್ಲ. ಕನಿಷ್ಠ ನಿವೇಶನದ ಅಳತೆ, ಸುತ್ತ ಬಿಡಬೇಕಾದ ಜಾಗ, ಪ್ರತಿ ಮನೆಗೂ ಕಾರು ನಿಲ್ಲಿಸುವ ಜಾಗ, ಒಂದು ನಿವೇಶನಕ್ಕೆ ಒಂದೇ ಮನೆ: ಈ ನಾಲ್ಕು ನಿಯಮಗಳು ಸೇರಿ ಸಣ್ಣ ಮನೆಯನ್ನು ಕಾನೂನುಬಾಹಿರ ಮಾಡಿಬಿಡುತ್ತವೆ.

ಅಮೆರಿಕದ ಹ್ಯೂಸ್ಟನ್ 1998ರಲ್ಲಿ ನಗರದ ಒಳಭಾಗದಲ್ಲಿ ನಿವೇಶನದ ಕನಿಷ್ಠ ಅಳತೆಯನ್ನು 5,000 ಚದರ ಅಡಿಯಿಂದ 1,400ಕ್ಕೆ ಇಳಿಸಿತು; 2013ರಲ್ಲಿ ಅದನ್ನು ವಿಸ್ತರಿಸಿತು. ಒಂದು ಹಳೆಯ ಮನೆಯ ಜಾಗದಲ್ಲಿ ಮೂರು ಮನೆಗಳ ಸಾಲು ಎದ್ದವು. ಬೇಡವೆಂದ ಬೀದಿಗಳ ನಿವಾಸಿಗಳು ಅರ್ಜಿ ಹಾಕಿ ತಮ್ಮ ಬೀದಿಗೆ ಮಾತ್ರ ದೊಡ್ಡ ಅಳತೆಯನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಈ ಜಾಣತನವನ್ನು ಗಮನಿಸಿ: ಕೆಲವು ಬೀದಿಗಳ ವಿರೋಧ ಇಡೀ ನಗರದ ಸುಧಾರಣೆಯನ್ನು ನಿಲ್ಲಿಸಲಿಲ್ಲ.

ವಾಹನ ನಿಲುಗಡೆಯ ನಿಯಮ ಕಡೆಗಣಿಸುವಷ್ಟು ಚಿಕ್ಕದಲ್ಲ. ಒಂದು ಕಾರಿಗೆ ನಿಲ್ಲುವ ಜಾಗ, ತಿರುಗುವ ಜಾಗ ಸೇರಿ 25ರಿಂದ 30 ಚದರ ಮೀಟರ್ ಬೇಕು. ಅದು ಒಂದು ಪುಟ್ಟ ಮನೆಯಷ್ಟೇ ಜಾಗ. ಕಾರೇ ಇಲ್ಲದವರ ಮನೆಗೆ ಕಾರಿನ ಜಾಗ ಕಡ್ಡಾಯ ಮಾಡುವುದರಲ್ಲಿ ಏನು ಅರ್ಥವಿದೆಯೋ ನನಗೆ ತಿಳಿಯದು. ನ್ಯೂಯಾರ್ಕ್ ರಾಜ್ಯದ ಬಫಲೋ 2017ರಲ್ಲಿ ಈ ಕನಿಷ್ಠ ಮಿತಿಯನ್ನೇ ತೆಗೆದುಹಾಕಿತು.

ಅನುಮತಿಯ ವಿಳಂಬವೂ ಹಣವೇ. ಪುರಸಭೆಯೇ ಮೂರ್ನಾಲ್ಕು ಸಣ್ಣ ಮನೆಗಳ ನಕ್ಷೆ ಮಾಡಿಸಿ ಮುಂಚಿತವಾಗಿ ಮಂಜೂರು ಮಾಡಿಟ್ಟರೆ, ಆ ನಕ್ಷೆ ಆರಿಸಿಕೊಂಡವರು ವಾರದೊಳಗೆ ಕೆಲಸ ಆರಂಭಿಸಬಹುದು.

ಹೆಜ್ಜೆ 6: ಪೂರ್ತಿ ಕಟ್ಟಬೇಕೆಂಬ ಹಟ ಬಿಡಿ

ಅಗ್ಗದ ಇಟ್ಟಿಗೆ, ಪರ್ಯಾಯ ಗಾರೆ, ಹೊಸ ತಂತ್ರಜ್ಞಾನ ಎಂದು ಯಾರಾದರೂ ಮಾದರಿ ಹಿಡಿದು ಬಂದೇ ಬರುತ್ತಾರೆ. ಕೇಳಿಸಿಕೊಳ್ಳಿ, ಆದರೆ ಲೆಕ್ಕ ಹಾಕಿ. ಒಟ್ಟು ಖರ್ಚಿನಲ್ಲಿ ಗೋಡೆಯ ಪಾಲು ಶೇಕಡಾ 15 ಎಂದಿಟ್ಟುಕೊಂಡರೆ, ಅದರಲ್ಲಿ ಕಾಲು ಭಾಗ ಉಳಿಸಿದರೂ ಮನೆಯ ಬೆಲೆ ಶೇಕಡಾ 4ರಷ್ಟೂ ಇಳಿಯುವುದಿಲ್ಲ.

ಹೆಚ್ಚು ಉಳಿಯುವುದು ಹಂತಹಂತವಾಗಿ ಕಟ್ಟುವುದರಲ್ಲಿ. ಇಂದೋರಿನ ಅರಣ್ಯ ಬಡಾವಣೆಯನ್ನು ವಾಸ್ತುಶಿಲ್ಪಿ ಬಿ.ವಿ. ದೋಶಿ 1980ರ ದಶಕದಲ್ಲಿ ಯೋಜಿಸಿದಾಗ ಬಡ ಕುಟುಂಬಗಳಿಗೆ ಕೊಟ್ಟದ್ದು ನಿವೇಶನ, ತಳಪಾಯ, ನೀರು ಮತ್ತು ಶೌಚಾಲಯದ ಒಂದು ಪುಟ್ಟ ಘಟಕ. ಉಳಿದುದನ್ನು ಜನ ತಮ್ಮ ಹಣ ಬಂದಂತೆ ಕಟ್ಟಿಕೊಂಡರು. ಸುಮಾರು 6,500 ನಿವೇಶನಗಳಲ್ಲಿ ಒಳ್ಳೆಯ ಸ್ಥಳದ ದೊಡ್ಡವುಗಳನ್ನು ಸ್ಥಿತಿವಂತರಿಗೆ ಮಾರಿ, ಆ ಲಾಭದಿಂದ ಸಣ್ಣವುಗಳ ಬೆಲೆ ಇಳಿಸಿದರು. ಆ ಯೋಜನೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಚಿಲಿಯ ಇಕಿಕೆ ನಗರದಲ್ಲಿ ಅಲೆಹಾಂದ್ರೊ ಅರವೇನಾ ಅವರ ತಂಡ 2004ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿತು. ಸುಮಾರು ನೂರು ಕುಟುಂಬಗಳು, ಪ್ರತಿ ಕುಟುಂಬಕ್ಕೆ ಜಮೀನೂ ಸೇರಿ 7,500 ಡಾಲರ್ ಸಹಾಯಧನ. ಆ ಹಣದಲ್ಲಿ ಪೂರ್ತಿ ಮನೆ ಬೇಕೆಂದರೆ ಊರಾಚೆ ಹೋಗಬೇಕಿತ್ತು. ಅವರು ಊರಿನ ನಡುವೆಯೇ ಉಳಿದು ಒಳ್ಳೆಯ ಮನೆಯ ಅರ್ಧವನ್ನು ಕಟ್ಟಿದರು: ಕುಟುಂಬಕ್ಕೆ ತಾನಾಗಿ ಕಟ್ಟಲು ಕಷ್ಟವಾದ ಅರ್ಧ, ಅಂದರೆ ರಚನೆ, ಸೂರು, ಅಡುಗೆಮನೆ, ಸ್ನಾನದಮನೆ. ಪಕ್ಕದಲ್ಲಿ ಅಷ್ಟೇ ಖಾಲಿ ಜಾಗ. ಎರಡನೆಯ ಅರ್ಧ ಜನರ ಕೈಯಲ್ಲಿ ಬೆಳೆಯಿತು.

ದೊಡ್ಡ ಗುತ್ತಿಗೆದಾರರು ಹತ್ತು ಮನೆಗಳ ಕೆಲಸಕ್ಕೆ ಸಣ್ಣ ಊರಿಗೆ ಬರುವುದಿಲ್ಲ. ಸ್ಥಳೀಯ ಮೇಸ್ತ್ರಿಗಳಿಗೆ ಎರಡೆರಡು ಮನೆಗಳಂತೆ ಹಂಚಿ, ಸಿಮೆಂಟ್, ಕಬ್ಬಿಣ, ಬಾಗಿಲುಗಳನ್ನು ಮಾತ್ರ ಒಟ್ಟಾಗಿ ಖರೀದಿಸಿ. ಉರುಗ್ವೆಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ: ಪರಸ್ಪರ ನೆರವಿನ ಸಹಕಾರ ಸಂಘಗಳಲ್ಲಿ ಪ್ರತಿ ಕುಟುಂಬವೂ ವಾರಕ್ಕೆ 21 ಗಂಟೆ ಕಟ್ಟಡದ ಕೆಲಸ ಮಾಡುತ್ತದೆ. 1966ರಲ್ಲಿ ಮೊದಲ ಪ್ರಯೋಗಗಳು ನಡೆದದ್ದು ರಾಜಧಾನಿಯಿಂದ ಹೊರಗೆ, ಒಳನಾಡಿನ ಊರುಗಳಲ್ಲಿ. 1968ರ ವಸತಿ ಕಾನೂನು ಅದಕ್ಕೆ ಸಾಲದ ಬಲ ಕೊಟ್ಟಿತು. ಆಸ್ತಿ ಸಂಘದ ಹೆಸರಿನಲ್ಲಿ, ವಾಸದ ಹಕ್ಕು ಕುಟುಂಬಕ್ಕೆ. ಇಲ್ಲಿಯೂ ಜಮೀನು ಕೈಬಿಡಲಿಲ್ಲ ಎಂಬುದು ನೆನಪಿರಲಿ.

ಹೆಜ್ಜೆ 7: ಬಡ್ಡಿಯೊಡನೆ ಸೆಣಸಿ

20 ವರ್ಷಗಳ ಸಾಲಕ್ಕೆ ಶೇಕಡಾ 8 ಬಡ್ಡಿಯಾದರೆ ಪಡೆದ ಹಣದ ಎರಡು ಪಟ್ಟು ಹಿಂದಿರುಗಿಸಬೇಕು. ಶೇಕಡಾ 5 ಆದರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ತಿಂಗಳ ಕಂತಿನಲ್ಲಿ ಶೇಕಡಾ 21ರಷ್ಟು ಇಳಿಕೆ. ಕಟ್ಟಡದ ಖರ್ಚಿನಲ್ಲಿ ಅಷ್ಟು ಉಳಿಸಲು ಯಾವ ಎಂಜಿನಿಯರ್‌ಗೂ ಸಾಧ್ಯವಾಗುವುದಿಲ್ಲ. ಹೀಗಾಗಿ ಸಿಗುವ ಸಹಾಯಧನವನ್ನು ಸಿಮೆಂಟಿಗೆ ಸುರಿಯುವ ಮೊದಲು ಬಡ್ಡಿ ಇಳಿಸಲು, ಅಥವಾ ಬ್ಯಾಂಕಿಗೆ ಖಾತರಿ ಕೊಡಲು ಬಳಸಬಹುದೇ ಎಂದು ನೋಡಿ. ತಿಂಗಳ ಸಂಬಳದ ಚೀಟಿ ಇಲ್ಲದ ಕೂಲಿಯವರಿಗೆ ಖಾತರಿಯೇ ದೊಡ್ಡ ನೆರವು.

ಊರಿನ ದೊಡ್ಡ ಉದ್ಯೋಗದಾತರನ್ನೂ ಕರೆಯಿರಿ. ಆಸ್ಪತ್ರೆ, ಕಾರ್ಖಾನೆ, ಹೋಟೆಲ್‌ಗಳಿಗೆ ಕೆಲಸದವರು ಸಿಗದ ನಷ್ಟ ಚೆನ್ನಾಗಿ ಗೊತ್ತು. ಹಣವೋ ಜಮೀನೋ ಅವರು ಕೊಡಲಿ, ಆದರೆ ಮನೆಯನ್ನು ನೌಕರಿಗೆ ಕಟ್ಟಿಹಾಕಲು ಬಿಡಬೇಡಿ. ಕೆಲಸ ಹೋದ ದಿನವೇ ಮನೆಯೂ ಹೋಗುವ ಸ್ಥಿತಿ ಯಾರಿಗೂ ಬರಬಾರದು.

ಹೆಜ್ಜೆ 8: ವಿರೋಧಿಸುವವರ ಜೊತೆ ಮೊದಲೇ ಕುಳಿತುಕೊಳ್ಳಿ

‘ಮನೆಗಳು ಬೇಕು ನಿಜ, ಆದರೆ ನಮ್ಮ ಬೀದಿಯಲ್ಲಿ ಬೇಡ’ ಎನ್ನುವವರು ಕೆಟ್ಟವರಲ್ಲ, ಅವರ ಪ್ರಶ್ನೆಗಳಲ್ಲಿ ಅರ್ಧ ನಿಜವಾದವು: ನೀರು ಸಾಲುತ್ತದೆಯೇ, ಚರಂಡಿ ಉಕ್ಕುತ್ತದೆಯೇ, ಶಾಲೆಯಲ್ಲಿ ಜಾಗವಿದೆಯೇ? ಇವಕ್ಕೆ ಅಂಕಿಯ ಸಮೇತ ಉತ್ತರ ಕೊಡಿ. ಇನ್ನರ್ಧ ‘ಎಂಥ ಜನ ಬರುತ್ತಾರೋ’ ಎಂಬ ಬಗೆಯವು. ಅವಕ್ಕೆ ನಿಮ್ಮ ಮೊದಲ ಹೆಜ್ಜೆಯ ಪಟ್ಟಿಯೇ ಉತ್ತರ. ಬರುವವರು ಈಗಾಗಲೇ ಅವರ ಮಕ್ಕಳಿಗೆ ಪಾಠ ಹೇಳುತ್ತಿರುವವರು, ಅವರ ಔಷಧಿ ಅಳೆದು ಕೊಡುತ್ತಿರುವವರು. ನಕ್ಷೆ ಅಂತಿಮವಾದ ಮೇಲೆ ಸಭೆ ಕರೆದರೆ ಜಗಳವೇ ಆಗುವುದು. ಖಾಲಿ ಕಾಗದ ಇಟ್ಟುಕೊಂಡು ಕರೆಯಿರಿ.

ಹೆಜ್ಜೆ 9: ಹಂಚಿಕೆ, ಮತ್ತು ಹಂಚಿಕೆಯ ನಂತರ

ಅರ್ಹತೆಯ ನಿಯಮಗಳನ್ನು ತಳಪಾಯ ತೋಡುವ ಮೊದಲೇ ಪ್ರಕಟಿಸಿ, ಸಮಾನ ಅರ್ಹರ ನಡುವೆ ಎಲ್ಲರ ಎದುರು ಚೀಟಿ ಎತ್ತಿ. ಆಯ್ಕೆ ಸಮಿತಿಯವರ ನೆಂಟರಿಗೆ ಮನೆ ಸಿಕ್ಕಿತೆಂಬ ಒಂದೇ ಸುದ್ದಿ ಮುಂದಿನ ಯೋಜನೆಯನ್ನು ಮುಳುಗಿಸಲು ಸಾಕು.

ಕೆನಡಾದ ವಿಸ್ಲರ್ ಪಟ್ಟಣ 1997ರಲ್ಲಿ ತನ್ನದೇ ವಸತಿ ಪ್ರಾಧಿಕಾರ ಮಾಡಿಕೊಂಡಿತು. ಕಟ್ಟುವುದಷ್ಟೇ ಅದರ ಕೆಲಸವಲ್ಲ. ಕಾಯುವವರ ಪಟ್ಟಿ ನೋಡಿಕೊಳ್ಳುವುದು, ಮರುಮಾರಾಟದ ಬೆಲೆ ಲೆಕ್ಕ ಹಾಕುವುದು, ಷರತ್ತು ಪಾಲನೆಯಾಗುತ್ತಿದೆಯೇ ಎಂದು ಪರಿಶೀಲಿಸುವುದೂ ಅದರದೇ ಹೊಣೆ. ನಿಮ್ಮ ಊರಿಗೆ ಪ್ರಾಧಿಕಾರ ಬೇಕಿಲ್ಲ, ಸಂಬಳ ಪಡೆಯುವ ಒಬ್ಬ ಗುಮಾಸ್ತ ಬೇಕು. ಸ್ವಯಂಸೇವಕರಿಂದ ಇದು ಮೊದಲ ಎರಡು ವರ್ಷ ನಡೆಯುತ್ತದೆ, ಆಮೇಲೆ ಕಡತಗಳು ಯಾರ ಮನೆಯ ಅಟ್ಟದಲ್ಲಿವೆ ಎಂಬುದೇ ತಿಳಿಯುವುದಿಲ್ಲ.

ಬಾಡಿಗೆ ಮನೆಗಳಾದರೆ ಪ್ರತಿ ತಿಂಗಳ ಬಾಡಿಗೆಯಿಂದ ನಿಗದಿತ ಪಾಲನ್ನು ದುರಸ್ತಿ ನಿಧಿಗೆ ಪ್ರತ್ಯೇಕ ಖಾತೆಯಲ್ಲಿ ಹಾಕಿ. ಸೂರಿನ ಸೋರಿಕೆ ತಡೆ, ನೀರಿನ ಪಂಪು, ಹೊರಗೋಡೆಯ ಬಣ್ಣ ಇವು ಯಾವ ವರ್ಷ ಬರುತ್ತವೆ ಎಂದು ಮೊದಲೇ ಬರೆದಿಡಿ. ಬಾಡಿಗೆಯನ್ನು ಜನಪ್ರಿಯತೆಗಾಗಿ ಈ ಪಾಲಿಗಿಂತ ಕೆಳಗೆ ಇಳಿಸಬೇಡಿ. ವರ್ಷಕ್ಕೊಮ್ಮೆ ಹೆಜ್ಜೆ 1ರ ಎಣಿಕೆಯನ್ನು ಅದೇ ನಮೂನೆಯಲ್ಲಿ ಮತ್ತೆ ಮಾಡಿ, ಎರಡೂ ಪಟ್ಟಿಗಳನ್ನು ಪುರಸಭೆಯ ಸೂಚನಾ ಫಲಕದಲ್ಲಿ ಪಕ್ಕಪಕ್ಕದಲ್ಲಿ ಹಚ್ಚಿ.